ಅಹಿಂಸೆ ಬಚ್ಚಲುಮನೆಯ ಹೊಸಿಲಲ್ಲೇ ನಿಲ್ಲಬೇಕೆ?

ಅಹಿಂಸಾಧರ್ಮವು ನಮ್ಮ ಅಡುಗೆಮನೆಗಳಲ್ಲಿ ಇಂದಿಗೂ ಒಂದು ಮಟ್ಟಿಗೆ ಬಾಳಿಕೊಂಡು ಬಂದಿದೆ. ಇಮ್ಮಡಿಸಿದ ಬಟ್ಟೆಯಲ್ಲಿ ನೀರು ಸೋಸುವ ಪದ್ಧತಿ ಹಲವು ಮನೆಗಳಲ್ಲಿ ಉಳಿದಿದೆ. ಕತ್ತಲಾದ ಮೇಲೆ ತುತ್ತು ಮುಟ್ಟದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಗೆಡ್ಡೆಗೆಣಸುಗಳನ್ನು ತ್ಯಜಿಸಿದವರಿದ್ದಾರೆ. ಹುಳುವಿದ್ದೀತೆಂದು ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ನೋಡುವ ತಾಯಂದಿರಿದ್ದಾರೆ. ಇದು ನಮ್ಮ ಸಮಾಜದ ಹೆಮ್ಮೆ, ಇರಲಿ.

ಆದರೆ ಅದೇ ಮನೆಯಲ್ಲಿ, ಅಡುಗೆಮನೆಯಿಂದ ಹತ್ತು ಹೆಜ್ಜೆ ಆಚೆಗೆ, ಇನ್ನೊಂದು ಕೋಣೆಯಿದೆ. ಅದರ ಬಾಗಿಲ ಮರೆಯಲ್ಲಿ ಆಸಿಡ್ಡಿನ ಸೀಸೆ ನಿಂತಿರುತ್ತದೆ. ಪಕ್ಕದಲ್ಲಿ ಫಿನಾಯಿಲ್, ಬ್ಲೀಚಿಂಗ್ ಪೌಡರ್, ಜಿರಲೆಗೆ ಸಿಂಪಡಿಸುವ ವಿಷದ ಡಬ್ಬಿ. ಒಲೆಯ ಬಳಿ ಒಂದು ಇರುವೆ ಸತ್ತರೆ ನೊಂದುಕೊಳ್ಳುವ ನಾವು, ಈ ಕೋಣೆಯಲ್ಲಿ ವಾರಕ್ಕೋ ತಿಂಗಳಿಗೋ ಒಮ್ಮೆ ನಡೆಯುವ ಸಂಹಾರಕ್ಕೆ ‘ಶುಚಿತ್ವ’ವೆಂದು ಹೆಸರಿಟ್ಟು ನೆಮ್ಮದಿಯಾಗಿದ್ದೇವೆ. ಅಹಿಂಸೆಗೆ ಬಚ್ಚಲುಮನೆಯ ಹೊಸಿಲನ್ನು ದಾಟುವ ಅಧಿಕಾರವಿಲ್ಲವೆಂದು ಯಾವ ಆಚಾರ್ಯರು ಹೇಳಿದ್ದಾರೆ? ಈ ಪ್ರಶ್ನೆಯನ್ನು ನಾನು ಮೊದಲು ಕೇಳಿಕೊಂಡದ್ದು ಪರರ ವಿಷಯವಾಗಿ ಅಲ್ಲ, ನನ್ನ ಮನೆಯ ವಿಷಯವಾಗಿ. ಆದುದರಿಂದ ಆರೋಪಕ್ಕೆ ಮುನ್ನ ತಪ್ಪೊಪ್ಪಿಗೆಯನ್ನು ಓದುಗರ ಮುಂದಿಡುತ್ತೇನೆ.

ನಾನು ವಾಸಿಸುವುದು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ. ಕೆಲವು ವರ್ಷಗಳ ಹಿಂದೆ ದಶಲಕ್ಷಣ ಪರ್ವದ ಸಮಯದಲ್ಲಿ ನಮ್ಮ ಮನೆಗೆ ಬಂಧುಗಳು ಬರುವವರಿದ್ದರು. ಮನೆಯ ಎರಡು ಬಚ್ಚಲುಮನೆಗಳೂ ಬಹುಕಾಲದ ಅಲಕ್ಷ್ಯದಿಂದ ಕಳೆಗೆಟ್ಟಿದ್ದವು. ನಲ್ಲಿಗಳ ಮೇಲೆ ಬಿಳಿಯ ಸುಣ್ಣದ ಹಕ್ಕಳೆ, ಟೈಲ್ಸಿನ ಸಂದುಗಳಲ್ಲಿ ಕಪ್ಪು ಬೂಷ್ಟು, ಪಾಯಿಖಾನೆಯ ಬೇಸಿನ್ನಿನಲ್ಲಿ ಹಳದಿ ಕಲೆ. ಮನೆಗೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳ ಕೈಗೆ ಒಂದು ಸೀಸೆ ಆಸಿಡ್ಡನ್ನೂ ಒಂದು ಪೊಟ್ಟಣ ಬ್ಲೀಚಿಂಗ್ ಪೌಡರನ್ನೂ ಕೊಟ್ಟು, “ಇವತ್ತು ಚೆನ್ನಾಗಿ ಉಜ್ಜಿಬಿಡಮ್ಮಾ, ನೆಂಟರು ಬರ್ತಾರೆ” ಎಂದೆ. ಅನಂತರ ಹಜಾರದಲ್ಲಿ ಕುಳಿತು ಪರ್ವದ ಸ್ವಾಧ್ಯಾಯಕ್ಕೆಂದು ತೆಗೆದಿಟ್ಟ ಪುಸ್ತಕವನ್ನು ಬಿಡಿಸಿದೆ. ಅಂದಿನ ಪಾಠ ಉತ್ತಮ ಶೌಚ.

ಕಾಲು ಗಂಟೆ ಕಳೆದಿರಬಹುದು. ಉಸಿರು ಕಟ್ಟಿದಂತೆ ಕೆಮ್ಮುವ ಸದ್ದು ಕೇಳಿತು. ಆಕೆ ಬಚ್ಚಲುಮನೆಯಿಂದ ಹೊರಬಂದು ಗೋಡೆ ಹಿಡಿದು ನಿಂತಿದ್ದಳು. ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು. ಒಳಗಿನಿಂದ ಮೂಗನ್ನು ಸೀಳುವ ವಾಸನೆ. ಹಿತ್ತಲ ಗಾಳಿಯಲ್ಲಿ ಬಹಳ ಹೊತ್ತು ಕೂರಿಸಿದ ಮೇಲೆ, ವೈದ್ಯರ ಬಳಿಗೆ ಕರೆದೊಯ್ಯಲು ನಾವು ಹೊರಟಾಗ, ಆ ತಾಯಿ ಹೇಳಿದ ಮಾತು ಇದು: “ಏನಿಲ್ಲ ಸ್ವಾಮಿ, ಗಾಳಿ ಒಳಗ್ ಹೋಯ್ತು ಅಷ್ಟೇ. ಒಂದು ಮೂಲೆ ಉಳ್ಕೊಂಡೈತೆ, ನಾಳೆ ಬಂದು ಉಜ್ಜಿಬಿಡ್ತೀನಿ.” ಆಕೆ ಚೇತರಿಸಿಕೊಂಡಳು. ನಾನು ಇನ್ನೂ ಚೇತರಿಸಿಕೊಂಡಿಲ್ಲ.

ಅಂದು ಆ ಕೋಣೆಯಲ್ಲಿ ನಡೆದದ್ದೇನು? ಅಂಗಡಿಗಳಲ್ಲಿ ‘ಬಾತ್‌ರೂಂ ಆಸಿಡ್’ ಎಂದು ದೊರೆಯುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಂಗ್ ಪೌಡರಿನೊಡನೆ ಕೂಡಿದರೆ ಕ್ಲೋರಿನ್ ಅನಿಲ ಹೊರಹೊಮ್ಮುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೇನೆಯು ಶತ್ರುಗಳ ಕಂದಕಗಳ ಮೇಲೆ ಹರಿಯಬಿಟ್ಟದ್ದು ಇದೇ ಅನಿಲವನ್ನು. ಅದು ಗಾಳಿಗಿಂತ ಭಾರ. ಮೇಲೇರದೆ ನೆಲದ ಮಟ್ಟದಲ್ಲೇ ಮಡುಗಟ್ಟುತ್ತದೆ. ಬಾಗಿಲಲ್ಲಿ ನಿಂತು ಕೆಲಸ ಹೇಳುವವನಿಗೆ ವಾಸನೆಯಷ್ಟೇ ತಟ್ಟುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು ನೆಲ ಉಜ್ಜುವವಳ ಉಸಿರಿಗೆ ಅದು ನೇರವಾಗಿ ಸೇರುತ್ತದೆ. ಯುದ್ಧದಲ್ಲಿ ಬಳಸಿದ ವಿಷವನ್ನು ನಾನು ಪರ್ವದ ದಿನ, ನೆಂಟರ ಕಣ್ಣಿಗೆ ಟೈಲ್ಸು ಹೊಳೆಯಲೆಂದು, ಒಬ್ಬ ಹೆಣ್ಣುಮಗಳ ಮುಖದ ಕೆಳಗೆ ತಯಾರಿಸಿದ್ದೆ.

ಈ ಪ್ರಸಂಗವನ್ನು ಹೇಳಿದಾಗ ನಮ್ಮವರಿಂದ ನನಗೆ ಮೂರು ಬಗೆಯ ಸಮಾಧಾನಗಳು ದೊರೆತವು. ಮೂರೂ ಶಾಸ್ತ್ರದ ಇಲ್ಲವೇ ಸಂಪ್ರದಾಯದ ಉಡುಪು ತೊಟ್ಟಿದ್ದವು. ಒಂದೊಂದನ್ನೂ ಬಿಚ್ಚಿ ನೋಡುವುದು ಅವಶ್ಯ.

ಮೊದಲನೆಯದು: “ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪಿದ್ದಲ್ಲ. ಅವನು ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಗುಡಿಸುವುದು, ಸಾರಿಸುವುದು, ತೊಳೆಯುವುದು ಇವೆಲ್ಲ ಆರಂಭದೊಳಗೆ ಬರುತ್ತವೆ.” ವರ್ಗೀಕರಣ ಸರಿಯಾಗಿದೆ, ಬಳಕೆ ತಪ್ಪಾಗಿದೆ. ಎಚ್ಚರಿಕೆಯಿಂದ ನಡೆದುಕೊಂಡ ಮೇಲೂ ಉಳಿಯುವ ಹಿಂಸೆಯೇ ಆರಂಭೀ ಹಿಂಸೆ. ಎಚ್ಚರವಿಲ್ಲದೆ ಬೆಳೆಸಿಕೊಂಡ ಹಿಂಸೆಗೆ ಆ ಹೆಸರಿನ ಆಶ್ರಯವಿಲ್ಲ. ಜೀವವು ಸಾಯಲಿ, ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತವೆಂಬುದು ಕುಂದಕುಂದಾಚಾರ್ಯರ ಪರಂಪರೆಯ ನಿಲುವು. ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂದು ಉಮಾಸ್ವಾಮಿಗಳಾದಿಯಾಗಿ ಎಲ್ಲರೂ ಸಾರಿದ್ದಾರೆ. ಮೂರು ತಿಂಗಳು ತಿರುಗಿ ನೋಡದೆ ಗೋಡೆಯ ಮೇಲೆ ಪಾಚಿ, ಬೂಷ್ಟು, ಜಿರಲೆ, ಬಚ್ಚಲು ನೊಣಗಳ ಒಂದು ಲೋಕವನ್ನೇ ಬೆಳೆಯಗೊಟ್ಟು, ಆಮೇಲೆ ಒಂದೇ ಬೆಳಗಿನಲ್ಲಿ ಅದನ್ನೆಲ್ಲ ಸುಟ್ಟುಹಾಕುವುದು ಆರಂಭವಲ್ಲ. ಅದು ಪ್ರಮಾದದ ಪೂರ್ಣಾಹುತಿ.

ಎರಡನೆಯದು ಇನ್ನೂ ಜಾಣತನದ್ದು: “ನಾವಾಗಿ ಅದನ್ನು ಮುಟ್ಟುವುದಿಲ್ಲವಲ್ಲ! ಕೆಲಸದವರು ಮಾಡುತ್ತಾರೆ.” ಕೃತ, ಕಾರಿತ, ಅನುಮೋದನ ಎಂಬ ಮೂರು ಮಾತುಗಳನ್ನು ನಮ್ಮ ಮಕ್ಕಳೂ ಬಾಯಿಪಾಠ ಹೇಳಬಲ್ಲರು. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು, ಮೂರರಲ್ಲೂ ಕರ್ಮಬಂಧವುಂಟೆಂದು ನಂಬುವ ಸಮಾಜಕ್ಕೆ ‘ಕೆಲಸದವರು ಮಾಡುತ್ತಾರೆ’ ಎಂಬ ಮಾತು ಹೇಗೆ ಸಮಾಧಾನ ಕೊಟ್ಟೀತು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಒಂದು ಹಿಂಸಾದಾನ: ಶಸ್ತ್ರ, ಬೆಂಕಿ, ವಿಷ ಮೊದಲಾದ ಕೊಲ್ಲುವ ಸಾಧನಗಳನ್ನು ಮತ್ತೊಬ್ಬರ ಕೈಗೆ ಕೊಡುವುದು. ಆಸಿಡ್ಡಿನ ಸೀಸೆಯನ್ನು ಕೆಲಸದವಳ ಕೈಗೆ ಕೊಟ್ಟ ನನ್ನ ಕೃತ್ಯಕ್ಕೆ ಇದಕ್ಕಿಂತ ನಿಖರವಾದ ಹೆಸರು ನನಗೆ ತಿಳಿಯದು. ಆ ಸೀಸೆ ಎಂತಹ ಆಯುಧವೆಂಬುದನ್ನು ದೇಶದ ಸರ್ವೋಚ್ಚ ನ್ಯಾಯಾಲಯವೂ ಕಂಡಿದೆ. ಹೆಣ್ಣುಮಕ್ಕಳ ಮುಖದ ಮೇಲೆ ಆಸಿಡ್ ಎರಚುವ ಕ್ರೌರ್ಯವನ್ನು ತಡೆಯಲು 2013ರಲ್ಲಿ ಅದು ಆಸಿಡ್ಡಿನ ಬಿಡಿ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು. ಕೊಳ್ಳುವವನ ಗುರುತಿನ ಚೀಟಿಯನ್ನು ನೋಡಿ, ಹೆಸರು ವಿಳಾಸಗಳನ್ನು ಬರೆದುಕೊಂಡು ಮಾರಬೇಕಾದ ವಸ್ತುವನ್ನು ನಾವು ಸೋಪು, ಸೀಗೆಪುಡಿಗಳ ಸಾಲಿನಲ್ಲಿ ಇಟ್ಟುಕೊಂಡಿದ್ದೇವೆ.

ಮೂರನೆಯ ಸಮಾಧಾನವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದರೆ ಉಳಿದೆರಡರ ತಳದಲ್ಲಿ ಇರುವುದು ಅದೇ: “ಅದು ನಾವು ಮಾಡುವ ಕೆಲಸವಲ್ಲ.” ಕುಲಮದ, ಜಾತಿಮದಗಳು ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳ ಪಟ್ಟಿಯಲ್ಲಿವೆಯೆಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ. ಅದಕ್ಕಿಂತ ಮುಖ್ಯವಾದದ್ದು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆ, ಅಂದರೆ ಹೇಸಿಗೆ ಪಡದಿರುವಿಕೆ. ಅದಕ್ಕೆ ನಮ್ಮ ಪರಂಪರೆ ಕೊಡುವ ಆದರ್ಶ ಉದ್ದಾಯನ ರಾಜನದು. ರೋಗಿಯಾದ ಮುನಿಯ ವೇಷದಲ್ಲಿ ಪರೀಕ್ಷಿಸಲು ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡಿಕೊಂಡಾಗ, ಸೇವಕರು ದುರ್ಗಂಧ ತಾಳದೆ ಓಡಿದರು. ಅರಸನು ಓಡಲಿಲ್ಲ, ತನ್ನ ಕೈಯಾರೆ ಮುನಿಯ ದೇಹವನ್ನು ತೊಳೆದು ಶುಚಿಗೊಳಿಸಿದನು. ಸಿಂಹಾಸನದ ಮೇಲೆ ಕುಳಿತವನಿಗೆ ಅಗೌರವವೆನಿಸದ ಕೆಲಸವು, ತನ್ನ ದೇಹದ ಕೊಳೆಯನ್ನು ತಾನೇ ತೊಳೆಯುವ ಕೆಲಸವು, ನಮಗೆ ಅಗೌರವವಾಗುವುದು ಹೇಗೆ? ಉದ್ದಾಯನನ ಕಥೆಯನ್ನು ಭಕ್ತಿಯಿಂದ ಕೇಳಿ ಮನೆಗೆ ಬಂದು, ಪಾಯಿಖಾನೆಯ ಬ್ರಶ್ಶನ್ನು ಮುಟ್ಟಲು ಬೇರೊಬ್ಬರನ್ನು ಕರೆಯುವವರು ಕಥೆಯಿಂದ ಏನನ್ನು ಕಲಿತಂತಾಯಿತು?

ಇದು ಬರಿಯ ಮನೆಯೊಳಗಿನ ಮಾತಲ್ಲ. ಒಬ್ಬರ ಹೇಸಿಗೆಯನ್ನು ಮತ್ತೊಬ್ಬರ ಕುಲವೃತ್ತಿಯನ್ನಾಗಿ ಮಾಡಿದ ದೇಶ ನಮ್ಮದು. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ಕೊನೆಗಾಣಿಸಲು ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಗಳಾಗಿದ್ದಾಗ ಹೋರಾಡಿದರು. ಸಂಸತ್ತು 1993ರಲ್ಲಿ ಒಂದು ಕಾನೂನನ್ನೂ, ಅದು ಸಾಲದೆಂದು 2013ರಲ್ಲಿ ಇನ್ನೊಂದನ್ನೂ ಮಾಡಿತು. ಇವೆರಡರ ನಡುವೆ, 2010ರ ಜುಲೈ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಕುಟುಂಬಗಳವರು ತಮ್ಮನ್ನು ವಾಸಸ್ಥಳದಿಂದ ಎಬ್ಬಿಸುವುದನ್ನು ಪ್ರತಿಭಟಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅಂದು ನಾಡೇ ಮೂಗು ಮುಚ್ಚಿಕೊಂಡಿತು. ಆ ಮಲ ಅವರದಲ್ಲ, ನಮ್ಮೆಲ್ಲರದು ಎಂಬುದನ್ನು ಒಪ್ಪಿಕೊಂಡವರು ಎಷ್ಟು ಮಂದಿ?

ಈಗ ಮೂಲಕ್ಕೆ ಬರೋಣ. ಬಚ್ಚಲುಮನೆಗೆ ಆಸಿಡ್ ಬೇಕಾಗುವುದಾದರೂ ಏಕೆ? ಕಾರಣಗಳು ಎರಡೇ: ಸುಣ್ಣದ ಹಕ್ಕಳೆ ಮತ್ತು ನಿಂತ ತೇವ. ಎರಡನ್ನೂ ಅರಿತರೆ ಆಸಿಡ್ಡಿನ ಅವಶ್ಯಕತೆ ತಾನಾಗಿ ಬಿದ್ದುಹೋಗುತ್ತದೆ.

ನಮ್ಮ ಜಡಿಗೇನಹಳ್ಳಿಯ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇಡೀ ತಾಲ್ಲೂಕು ಕೊಳವೆಬಾವಿಗಳನ್ನು ನೆಚ್ಚಿಕೊಂಡಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದೆ ಕೈಸುಟ್ಟುಕೊಂಡ ರೈತರಿದ್ದಾರೆ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಹೊಸಕೋಟೆ ತಾಲ್ಲೂಕು ಅತಿಬಳಕೆಯ ಪ್ರದೇಶ, ಅಂದರೆ ಮಳೆ ತುಂಬಿಕೊಟ್ಟದ್ದಕ್ಕಿಂತ ಹೆಚ್ಚು ನೀರನ್ನು ನಾವು ಎತ್ತುತ್ತಿದ್ದೇವೆ. ಆಳದ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತು ಬರುವ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಅದೇ ಗಡಸು ನೀರು. ಹನಿ ಆರಿದಾಗ ಲವಣ ಉಳಿದು ಸುಣ್ಣವಾಗಿ ಅಂಟುತ್ತದೆ. ನೀರನ್ನು ಕಾಯಿಸಿದಾಗ ಸುಣ್ಣ ಇನ್ನೂ ಬೇಗ ಬೇರ್ಪಡುತ್ತದೆ. ಬಿಸಿನೀರಿನ ನಲ್ಲಿಯ ಮೇಲೆ, ಗೀಸರಿನ ಒಳಗೆ ಹಕ್ಕಳೆ ದಪ್ಪವಾಗಿರುವುದು ಅದಕ್ಕಾಗಿಯೇ. ಇದು ಕೊಳೆಯಲ್ಲ, ರೋಗಕಾರಕವಲ್ಲ, ಕಲ್ಲು ಅಷ್ಟೆ. ಆದರೆ ಅದರ ತರಕಲು ಮೈಯಲ್ಲಿ ಸೋಪಿನ ಜಿಡ್ಡು ಕೂರುತ್ತದೆ, ಜಿಡ್ಡಿನಲ್ಲಿ ತೇವ ನಿಲ್ಲುತ್ತದೆ, ತೇವದಲ್ಲಿ ಬೂಷ್ಟು ಹುಟ್ಟುತ್ತದೆ.

ಈ ಕಲ್ಲನ್ನು ಆಸಿಡ್ ಕ್ಷಣದಲ್ಲಿ ಕರಗಿಸುತ್ತದೆ ಎಂಬುದು ನಿಜ. ಆದರೆ ಸಿಮೆಂಟಿನಲ್ಲಿರುವುದೂ ಸುಣ್ಣದ ಅಂಶವೇ. ಟೈಲ್ಸಿನ ಸಂದುಗಳಲ್ಲಿ ತುಂಬಿದ ಸಿಮೆಂಟನ್ನು ಅದು ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತದೆ. ಕಡಪಾ ಕಲ್ಲು ಸುಣ್ಣಶಿಲೆ, ಅಮೃತಶಿಲೆಯೂ ಅದೇ ಜಾತಿ. ಎರಡೂ ಆಸಿಡ್ಡಿಗೆ ಮೈ ಕೊಟ್ಟು ಹೊಳಪು ಕಳೆದುಕೊಳ್ಳುತ್ತವೆ. ಲೋಹದ ನಲ್ಲಿಗಳ ಕಲಾಯಿ ಕಿತ್ತುಬರುತ್ತದೆ. ಹೀಗೆ ತೂತುಬಿದ್ದ ಸಂದುಗಳಲ್ಲಿ ನೀರು ಮೊದಲಿಗಿಂತ ಹೆಚ್ಚಾಗಿ ನಿಂತು, ಬೂಷ್ಟು ಮೊದಲಿಗಿಂತ ಬೇಗ ಹುಟ್ಟಿ, ಮುಂದಿನ ಸಲ ಎರಡು ಸೀಸೆ ಬೇಕಾಗುತ್ತದೆ. ಸಂಸಾರಚಕ್ರದಂತೆ ಇದಕ್ಕೂ ಕೊನೆಯಿಲ್ಲ. ನಮ್ಮ ಅಜ್ಜಿಯರ ಬಚ್ಚಲಿನ ಕರಿಯ ಚಪ್ಪಡಿಕಲ್ಲುಗಳು ತಲೆಮಾರುಗಳನ್ನು ಕಂಡದ್ದು ಆಸಿಡ್ಡಿನಿಂದಲ್ಲ, ದಿನದಿನದ ಉಜ್ಜುವಿಕೆಯಿಂದ.

ಅಂದಿನ ಪ್ರಸಂಗದ ಅನಂತರ ನಮ್ಮ ಮನೆಯಲ್ಲಿ ಮಾಡಿಕೊಂಡ ನಿಯಮಗಳನ್ನು ಹೇಳುತ್ತೇನೆ. ಇವುಗಳಲ್ಲಿ ಹೊಸ ಶೋಧವೇನೂ ಇಲ್ಲ, ಮರೆತದ್ದನ್ನು ನೆನೆದದ್ದಷ್ಟೆ.

ಸ್ನಾನ ಮಾಡಿದವರೇ, ಹೊರಬರುವ ಮೊದಲು, ನೆಲದ ನೀರನ್ನು ರಬ್ಬರಿನ ತಳ್ಳುಗೋಲಿನಿಂದ ಬಚ್ಚಲ ಬಾಯಿಗೆ ತಳ್ಳಿ, ನಲ್ಲಿಯನ್ನೂ ಎದುರಿನ ಗೋಡೆಯನ್ನೂ ಹಳೆಯ ಹತ್ತಿಬಟ್ಟೆಯಿಂದ ಒರೆಸಬೇಕು. ಇದಕ್ಕೆ ಎರಡು ನಿಮಿಷ ಸಾಕು. ಕಿಟಕಿ ತೆರೆದಿರಬೇಕು. ಹನಿ ಆರುವ ಮೊದಲೇ ಒರೆಸಿದರೆ ಸುಣ್ಣ ಕೂರುವುದಿಲ್ಲ. ನೆಲ ಒಣಗಿದ್ದರೆ ಬೂಷ್ಟು, ಪಾಚಿ ಹುಟ್ಟುವುದಿಲ್ಲ. ತೇವ, ಜಿಡ್ಡುಗಳಿಲ್ಲದಲ್ಲಿ ಜಿರಲೆಗೆ ಆಹಾರವಿಲ್ಲ. ಕೊಲ್ಲುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಕೊಂದು ಪ್ರತಿಕ್ರಮಣ ಮಾಡುವುದಕ್ಕಿಂತ ಮೇಲಲ್ಲವೆ?

ನೀರು ಹಾಕುವ ಮೊದಲು ಒಣ ನೆಲವನ್ನು ಮೆತ್ತನೆಯ ಪೊರಕೆಯಿಂದ ಒಮ್ಮೆ ಗುಡಿಸಬೇಕು. ಇರುವೆ, ಜೇಡಗಳಿದ್ದರೆ ಹೊರಗೆ ಸರಿಸಬೇಕು. ಮುನಿಗಳು ಕುಳ್ಳಿರುವ ಮುನ್ನ ಪಿಂಛಿಯಿಂದ ನೆಲವನ್ನು ಸವರುವುದನ್ನು ನಾವು ಕೈಮುಗಿದು ನೋಡುತ್ತೇವೆ. ಆ ಆಚರಣೆಯ ಗೃಹಸ್ಥರೂಪ ಇದೇ.

ಪಾಯಿಖಾನೆಯನ್ನು ಬಳಸಿದವರು ಕೂಡಲೇ ನೀರು ಹಾಕಿ, ದಿನಕ್ಕೊಮ್ಮೆ ಯಾರಾದರೊಬ್ಬರು ಸೋಪುನೀರಿನಿಂದ ಬ್ರಶ್ಶು ಮಾಡಬೇಕು. ದೇಹದಿಂದ ಹೊರಬಿದ್ದ ಮಲಮೂತ್ರಗಳಲ್ಲಿ ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷಗಳೂ ತುಂಬುವ ಮೊದಲು, ಸಮ್ಮೂರ್ಛನ ಜೀವಗಳು ಹುಟ್ಟುತ್ತವೆಂಬುದು ನಮ್ಮ ಶಾಸ್ತ್ರಗಳ ಮತ. ಅದನ್ನು ನಂಬುವವರು ತಡಮಾಡುವುದಕ್ಕೆ ಅರ್ಥವೇ ಇಲ್ಲ. ಸರದಿಯಲ್ಲಿ ಗಂಡಸರೂ ಇರಬೇಕು; ಸಾಮಾಯಿಕಕ್ಕೆ ಹೊತ್ತಿರುವವನಿಗೆ ಇದಕ್ಕೂ ಹೊತ್ತಿರುತ್ತದೆ.

ಬಚ್ಚಲ ಬಾಯಿಯ ಜಾಲರಿಯನ್ನು ವಾರಕ್ಕೊಮ್ಮೆ ಎತ್ತಿ, ಸಿಕ್ಕಿಕೊಂಡ ಕೂದಲನ್ನು ಕೈಯಿಂದ ತೆಗೆಯಬೇಕು. ನೀರು ಕಟ್ಟುವುದಕ್ಕೆ ಬಹುತೇಕ ಅದೇ ಕಾರಣ. ಜಾಲರಿಯ ಕೆಳಗಿನ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಂತಿರುವಂತೆ ಕಟ್ಟಿರುತ್ತಾರೆ. ಕೊಳವೆಯ ದುರ್ಗಂಧವನ್ನೂ ಜಿರಲೆಗಳನ್ನೂ ತಡೆಯುವ ಬಾಗಿಲು ಆ ನೀರೇ. ಬಳಸದ ಬಚ್ಚಲುಮನೆಯಲ್ಲಿ ಅದು ಒಣಗಿಹೋಗುತ್ತದೆ. ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಎರೆದರೆ ವಿಷದ ಡಬ್ಬಿ ಬೇಕಾಗುವುದಿಲ್ಲ. ಕುದಿಯುವ ನೀರನ್ನು ಮಾತ್ರ ಎಂದೂ ಬಚ್ಚಲಿಗೆ ಸುರಿಯಬಾರದು. ಕಾಣದ ಕಡೆ ಆಗುವ ಸಾವೂ ಸಾವೇ.

ಈಗಾಗಲೇ ಕೂತ ಸುಣ್ಣಕ್ಕೆ ಹುಣಸೆಹುಳಿ ಅಥವಾ ನಿಂಬೆಯ ರಸ ಸಾಕು. ಅವುಗಳಲ್ಲಿರುವುದೂ ಆಮ್ಲವೇ, ಆದರೆ ಸೌಮ್ಯವಾದದ್ದು. ಹುಳಿಯಲ್ಲಿ ತೊಯ್ಸಿದ ಬಟ್ಟೆಯನ್ನು ನಲ್ಲಿಗೆ ಅರ್ಧ ಗಂಟೆ ಸುತ್ತಿಟ್ಟು, ಉಜ್ಜಿ, ತೊಳೆದು, ಒರೆಸಬೇಕು. ಹಳೆಯ ಹಕ್ಕಳೆಗೆ ನಾಲ್ಕಾರು ಸಲ ಬೇಕಾದೀತು. ಕಡಪಾ ಕಲ್ಲಿಗೂ ಅಮೃತಶಿಲೆಗೂ ಹುಳಿ ಸಲ್ಲದು. ಇನ್ನೊಂದು ಎಚ್ಚರಿಕೆ: ಹುಳಿಯಾದರೂ ಸರಿ, ನಿಂಬೆಯಾದರೂ ಸರಿ, ಬ್ಲೀಚಿಂಗ್ ಪೌಡರಿನೊಡನೆ ಎಂದೂ ಸೇರಿಸಬಾರದು, ಅದೇ ವಿಷಾನಿಲ ಹುಟ್ಟೀತು. ಮನೆಯಲ್ಲಿ ವಾಂತಿಭೇದಿಯಂತಹ ಸೋಂಕು ಬಂದಾಗ ಬ್ಲೀಚಿಂಗ್ ಪೌಡರು ಬೇಕಾಗುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರೋಗಿಯ ಪ್ರಾಣರಕ್ಷಣೆಯೂ ಧರ್ಮವೇ. ಆಗ ಅದನ್ನೊಂದನ್ನೇ, ನೀರಿನಲ್ಲಿ ಕದಡಿ, ಕಿಟಕಿ ತೆರೆದು, ನಾವೇ ಬಳಸೋಣ.

ಕೆಲಸದ ಹೆಣ್ಣುಮಗಳ ವಿಷಯ. ಆಕೆ ಇಂದಿಗೂ ನಮ್ಮ ಮನೆಗೆ ಬರುತ್ತಾಳೆ. ಬಚ್ಚಲುಮನೆಯ ಕೆಲಸ ತಪ್ಪಿತು, ಸಂಬಳ ತಪ್ಪಲಿಲ್ಲ. ನಮ್ಮ ಅಹಿಂಸೆಯ ಖರ್ಚನ್ನು ಆಕೆಯ ಕೂಲಿಯಿಂದ ಕಳೆಯುವುದು ಮತ್ತೊಂದು ಹಿಂಸೆಯಾದೀತು.

ನೀರಿನ ಮಾತು ಉಳಿದಿದೆ. ಸಮಂತಭದ್ರರು ಹೇಳಿದ ಅನರ್ಥದಂಡಗಳಲ್ಲಿ ಇನ್ನೊಂದು ಪ್ರಮಾದಚರ್ಯೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಕಡಿಯುವುದು. ಕ್ಷಣಕ್ಕೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ಒಂದು ದಿನದಲ್ಲಿ 86,400 ಹನಿಗಳು ಬೀಳುತ್ತವೆ. ನಾಲ್ಕು ಹನಿಗೆ ಒಂದು ಮಿಲಿಲೀಟರಿನಂತೆ ಹಿಡಿದರೂ ಅದು 21 ಲೀಟರಿಗಿಂತ ಹೆಚ್ಚು, ಒಬ್ಬನ ಬಕೆಟ್ ಸ್ನಾನದ ನೀರು. ಅಲ್ಪ ಬೆಲೆಯ ಒಂದು ವಾಷರನ್ನು ಬದಲಿಸದ ಆಲಸ್ಯಕ್ಕೆ ಅಷ್ಟು ಜಲಕಾಯಿಕ ಜೀವಗಳು ಬಲಿ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಟ್ಟುಬರುತ್ತಿದ್ದ ಪೂರ್ವಿಕರ ಸಂತಾನ ನಾವು. ಸಾವಿರ ಅಡಿಯ ಕೊಳವೆಬಾವಿಗೆ ಅವನ್ನು ಮರಳಿಸುವುದು ನಮ್ಮಿಂದಾಗದು. ಕನಿಷ್ಠಪಕ್ಷ ಆ ನೀರನ್ನು ವ್ಯರ್ಥವಾಗಿ ಮೇಲೆತ್ತದಿರಬಹುದಲ್ಲ? ಕುಡಿಯುವ ಒಂದು ಲೋಟವನ್ನು ಸೋಸಿ, ಷವರಿನ ಕೆಳಗೆ ಹತ್ತು ನಿಮಿಷ ನಿಂತು ನಾಲ್ಕಾರು ಬಕೆಟ್ ಹರಿಸುವುದು ಎಂತಹ ಜಲಗಾಲನ?

ಬಚ್ಚಲ ಬಾಯಿಯಲ್ಲಿ ಮಾಯವಾದ ನೀರು ಲೋಕದಿಂದ ಮಾಯವಾಗುವುದಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು 2018ರಿಂದ ಸಂಸ್ಕರಣೆಯಾಗಿ ಕೋಲಾರ ಜಿಲ್ಲೆಯ ಕೆರೆಗಳನ್ನು ಸೇರುತ್ತಿದೆ. ನಗರದ ನಮ್ಮ ಬಂಧುಗಳು ಬಚ್ಚಲಿಗೆ ಸುರಿದದ್ದು ನೆರೆಜಿಲ್ಲೆಯ ರೈತನ ಕೆರೆಯ ಕಡೆಗೆ ಪಯಣಿಸುತ್ತದೆ. ಒಳಚರಂಡಿಯಿಲ್ಲದ ನಮ್ಮಂತಹವರ ಮನೆಗಳಲ್ಲಿ ಅದು ಹಿತ್ತಲ ಸೆಪ್ಟಿಕ್ ಟ್ಯಾಂಕಿಗೆ ಇಳಿಯುತ್ತದೆ. ಆ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವವು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು. ಆಸಿಡ್, ಫಿನಾಯಿಲ್‌ಗಳನ್ನು ಧಾರಾಳವಾಗಿ ಸುರಿದಾಗ ಅವು ಸಾಯುತ್ತವೆ. ಮಲ ಕರಗದೆ ಉಳಿಯುತ್ತದೆ. ಟ್ಯಾಂಕು ಬೇಗ ತುಂಬುತ್ತದೆ. ಆಮೇಲೆ ಅದನ್ನು ಬರಿದುಮಾಡಲು ಯಾರೋ ಬರಬೇಕು.

ಆ ‘ಯಾರೋ’ ಒಳಗಿಳಿದರೆ ಕೊಳಚೆಯ ವಿಷಾನಿಲದಿಂದ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ ಬೀಳಬಲ್ಲನು. ಎತ್ತಲು ಇಳಿದವನೂ ಅವನ ಪಕ್ಕದಲ್ಲೇ ಬೀಳುವನು. ಇಂತಹ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿ ಮಡಿಸಿಡುತ್ತೇವೆ. 2013ರ ಕಾನೂನಿನ ಪ್ರಕಾರ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲದ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ನೇರವಾಗಿ ನೇಮಿಸಿದವನಷ್ಟೇ ಅಲ್ಲ, ಪರೋಕ್ಷವಾಗಿ ನೇಮಿಸಿದವನೂ ಹೊಣೆಗಾರನೆಂದು ಆ ಕಾನೂನು ಹೇಳುತ್ತದೆ. ಕೃತ, ಕಾರಿತಗಳ ಭೇದವಿಲ್ಲವೆಂಬ ನಮ್ಮ ಸಿದ್ಧಾಂತವನ್ನು ಸಂಸತ್ತು ಅರಿತುಕೊಂಡಿತು, ನಾವು ಮರೆತೆವು. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಜೀವಕ್ಕೆ ಬೆಲೆ ಕಟ್ಟಲಾಗದೆಂದು ಬಲ್ಲವರು ಈ ಏರಿಕೆಯಲ್ಲಿ ಸಾವುಗಳು ನಿಂತಿಲ್ಲವೆಂಬ ಸತ್ಯವನ್ನು ಓದಿಕೊಳ್ಳಬೇಕು. ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದ ಗಾಡಿಯನ್ನೇ ಕರೆಸಿ, ಮೇಲಿನಿಂದಲೇ ಹೀರಿಸುವುದು ಪ್ರತಿ ಮನೆಯ ಕರ್ತವ್ಯ.

ಇಷ್ಟು ಹೇಳಿದ ಮೇಲೆ ಎದುರು ದಿಕ್ಕಿನಿಂದ ಒಂದು ಮಾತು ಬರುತ್ತದೆ: “ತೊಳೆದರೂ ಹಿಂಸೆ, ಒರೆಸಿದರೂ ಹಿಂಸೆ, ಹಾಗಾದರೆ ಇದ್ದಂತೆ ಬಿಟ್ಟುಬಿಡುವುದೇ ಲೇಸಲ್ಲವೆ? ಮುನಿಗಳು ಸ್ನಾನವನ್ನೇ ತ್ಯಜಿಸಿಲ್ಲವೆ?” ಅಸ್ನಾನವು ಮುನಿಗಳ 28 ಮೂಲಗುಣಗಳಲ್ಲಿ ಒಂದು, ನಿಜ. ಆದರೆ ಅವರಿಗೆ ಬಚ್ಚಲುಮನೆಯೂ ಇಲ್ಲ, ಗೀಸರೂ ಇಲ್ಲ. ಇರುವುದು ಕಮಂಡಲುವಿನ ನೀರು. ಮತ್ತು ಜೀವರಹಿತವಾದ ನೆಲವನ್ನು ಹುಡುಕಿ, ನೋಡಿ, ಸವರಿ, ಅಲ್ಲಿ ಮಾತ್ರ ಮಲವನ್ನು ವಿಸರ್ಜಿಸುವ ಉತ್ಸರ್ಗ ಸಮಿತಿ. ಮಲವಿಸರ್ಜನೆಯಂತಹ ಕ್ರಿಯೆಯನ್ನೂ ಎಚ್ಚರದ ವ್ರತವನ್ನಾಗಿ ಮಾಡಿದವರು ಅವರು. ಅವರಿಂದ ನಾವು ಕಲಿಯಬೇಕಾದದ್ದು ಆ ಎಚ್ಚರವನ್ನು; ಕೊಳೆಯನ್ನು ಬೆಳೆಯಬಿಡುವ ಸೋಮಾರಿತನಕ್ಕೆ ಅವರ ತ್ಯಾಗದ ಮುಸುಕು ಹೊದಿಸಬಾರದು.

ಕಡೆಯದಾಗಿ ಬಸದಿ, ಕ್ಷೇತ್ರಗಳ ಆಡಳಿತ ಮಂಡಳಿಗಳಿಗೆ ಒಂದು ಬಿನ್ನಹ. ನಮ್ಮ ಯಾತ್ರಿನಿವಾಸಗಳಲ್ಲಿ ರಾತ್ರಿಭೋಜನದ ನಿಷೇಧವನ್ನು ಫಲಕದಲ್ಲಿ ಬರೆಸುತ್ತೇವೆ. ಅದೇ ಕಟ್ಟಡದ ಸ್ನಾನಗೃಹಗಳಲ್ಲಿ ಬರಿಗಾಲಿನ, ಬರಿಗೈಯ ಕೆಲಸಗಾರರು ಆಸಿಡ್ ಸುರಿಯುತ್ತಿದ್ದರೆ ಆ ಫಲಕಕ್ಕೆ ಏನು ಬೆಲೆ? 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದಲ್ಲಿ ನೆರೆದಂತಹ ಜನಸಾಗರದ ಸಂದರ್ಭದಲ್ಲಿ ಈ ಪ್ರಶ್ನೆ ಎಷ್ಟು ದೊಡ್ಡದಾಗುತ್ತದೆಂಬುದನ್ನು ಯೋಚಿಸಬಹುದು. ಮಂಡಳಿಗಳು ಮುಂದಿನ ಸಭೆಯಲ್ಲಿಯೇ ಈ ನಾಲ್ಕು ನಿರ್ಣಯಗಳನ್ನು ಕೈಗೊಳ್ಳಬಹುದು: ಆಸಿಡ್ ಖರೀದಿಯನ್ನು ಪೂರ್ತಿಯಾಗಿ ನಿಲ್ಲಿಸುವುದು; ಪ್ರತಿ ಸ್ನಾನಗೃಹದಲ್ಲೂ ತಳ್ಳುಗೋಲು, ಬ್ರಶ್ಶು, ಒರೆಸುವ ಬಟ್ಟೆಗಳನ್ನಿಟ್ಟು ಬಳಸಿದ ಯಾತ್ರಿಕರೇ ಒಣಗಿಸಿ ಹೊರಡಬೇಕೆಂದು ನಿಯಮ ಮಾಡುವುದು; ಕೆಲಸಗಾರರಿಗೆ ಕೈಗವಸು, ಗಂಬೂಟುಗಳನ್ನೂ ಮರ್ಯಾದೆಯ ಸಂಬಳವನ್ನೂ ಕೊಡುವುದು; ಸೆಪ್ಟಿಕ್ ಟ್ಯಾಂಕಿಗೆ ಯಾವ ಕಾರಣಕ್ಕೂ ಮನುಷ್ಯನನ್ನು ಇಳಿಸುವುದಿಲ್ಲವೆಂದು ದಾಖಲೆಯಲ್ಲಿ ಬರೆದಿಡುವುದು. ಇದರ ಖರ್ಚು ಒಂದು ಪಂಚಕಲ್ಯಾಣದ ಚಪ್ಪರದ ಖರ್ಚಿಗೂ ಸಮನಾಗದು.

ಶೌಚವೆಂದರೆ ಲೋಭದ ಅಭಾವವೆಂದು ದಶಲಕ್ಷಣದ ಪಾಠ ಹೇಳುತ್ತದೆ. ತನ್ನ ಕೊಳೆಯನ್ನು ತೊಳೆಯುವ ಎರಡು ನಿಮಿಷವನ್ನೂ ಉಳಿಸಿಕೊಳ್ಳಬೇಕೆಂಬ ಆಸೆ ಲೋಭವಲ್ಲದೆ ಮತ್ತೇನು? ಅಂದು ನಾನು ಪುಸ್ತಕ ಹಿಡಿದು ಹಜಾರದಲ್ಲಿ ಕುಳಿತಿದ್ದೆ. ಶೌಚದ ಪಾಠ ಬಚ್ಚಲುಮನೆಯಲ್ಲಿ ನಡೆಯುತ್ತಿತ್ತು, ಅದರ ದಂಡವನ್ನು ಬೇರೊಬ್ಬಳು ತೆರುತ್ತಿದ್ದಳು. ಈಗ ಪರ್ವ ಬಂದಾಗ ಬೆಳಗ್ಗೆ ಮೊದಲು ನನ್ನ ಸರದಿಯ ನೆಲವನ್ನು ಒರೆಸಿ, ಆಮೇಲೆ ಪುಸ್ತಕ ಬಿಡಿಸುತ್ತೇನೆ. ಓದುಗರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ: ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ಎದ್ದು ಹೋಗಿ, ಬಚ್ಚಲುಮನೆಯ ಬಾಗಿಲ ಮರೆಯಲ್ಲಿ ಏನಿದೆಯೆಂದು ಒಮ್ಮೆ ನೋಡಿ.